ಹತ್ತುವಾಗ ಉಸಿರು, ಇಳಿಯುವಾಗ ತೊಡೆ

ಓಟ ಇದ್ದದ್ದು ಭಾನುವಾರ. ಕಾಲು ಕೈಕೊಟ್ಟಿದ್ದು ಮಂಗಳವಾರ.

ಭಾನುವಾರ ಸಂಜೆ ಚಿಕ್ಕಮಗಳೂರಿನಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಬರುವಾಗ ಬರೀ ಸುಸ್ತು. ಸೋಮವಾರ ತೊಡೆ ಸ್ವಲ್ಪ ಬಿಗಿದಿತ್ತು, ಆದರೂ ಆಫೀಸಿಗೆ ಹೋಗಿಬಂದೆ. ಮಂಗಳವಾರ ಬೆಳಿಗ್ಗೆ ಇಂಡಿಯನ್ ಟಾಯ್ಲೆಟ್‌ನಲ್ಲಿ ಕೂರಲು ಹೋದಾಗ ತೊಡೆಗಳು ಅರ್ಧದಲ್ಲೇ ಕೆಲಸ ಬಿಟ್ಟವು. ಕೂತೆ ಅನ್ನುವುದಕ್ಕಿಂತ ಬಿದ್ದೆ ಅನ್ನಬೇಕು. ಎದ್ದದ್ದು ಹೇಗೆ ಅಂತ ಇಲ್ಲಿ ಬರೆಯುವುದಿಲ್ಲ.

ನೋವಿಗಿಂತ ಜಾಸ್ತಿ ಕಾಡಿದ್ದು ಲೆಕ್ಕ ತಪ್ಪಿದ ಬೇಜಾರು. ಮೂರು ವರ್ಷದಿಂದ ಸೈಕಲ್ ತುಳಿಯುತ್ತಿದ್ದೇನೆ. ಭಾನುವಾರ ಬಂತೆಂದರೆ ನಂದಿಬೆಟ್ಟ. ವಾರಕ್ಕೆ ಎರಡು ಸಲ ಈಜುಕೊಳ. ಒಂದಲ್ಲ ಒಂದು ದಿನ ಆಫ್‌ರೋಡ್ ಟ್ರಯಥ್ಲಾನ್ ಮಾಡಬೇಕು, ಅಂದರೆ ಈಜು, ಕಾಡುದಾರಿಯಲ್ಲಿ ಸೈಕಲ್, ಆಮೇಲೆ ಕಾಡುದಾರಿಯಲ್ಲೇ ಓಟ, ಅನ್ನುವ ಆಸೆ. ಅದಕ್ಕೆ ತಾಲೀಮು ಅಂತ ಕಾಫಿ ತೋಟಗಳ ನಡುವಿನ 30 ಕಿಲೋಮೀಟರ್ ಓಟಕ್ಕೆ ಹೆಸರು ಕೊಟ್ಟಿದ್ದೆ. ಮೊದಲ ಏರಿನಲ್ಲಿ ಹತ್ತಾರು ಜನರನ್ನು ಹಿಂದೆ ಹಾಕಿದೆ. ಉಸಿರು ಗಟ್ಟಿಯಾಗಿತ್ತು, ಮನಸ್ಸು ಬೀಗುತ್ತಿತ್ತು. ಆಮೇಲೆ ಇಳಿಜಾರು ಬಂತು. ಹಿಂದೆ ಹಾಕಿದವರೆಲ್ಲ ಒಬ್ಬೊಬ್ಬರಾಗಿ ನನ್ನನ್ನು ದಾಟಿದರು. ಕೊನೆಗೆ ಅರವತ್ತರ ಆಸುಪಾಸಿನ ಒಬ್ಬರು "ಸೈಡ್, ಸೈಡ್" ಅನ್ನುತ್ತಾ ಪುಟಪುಟ ಇಳಿದು ತಿರುವಿನಲ್ಲಿ ಮರೆಯಾದರು.

ಮುಗಿಯುವ ಗೆರೆಯ ಹತ್ತಿರ ಅವರು ಚಹಾ ಕುಡಿಯುತ್ತಾ ಕೂತಿದ್ದರು. ಅಲ್ಲೇ ಪಕ್ಕದ ಊರಿನ ತೋಟದವರು. ಇಳಿಯುವುದನ್ನು ಎಲ್ಲಿ ಕಲಿತಿರಿ ಅಂತ ಕೇಳಿದೆ. "ಕಲಿಯೋದೆಂಥದ್ದು ಮಾರಾಯ್ರೆ, ದಿನಾ ಇಳೀತೀವಲ್ಲ" ಅಂದರು. ಈ ಮಾತಿನ ಒಳಗೆ ನೂರು ವರ್ಷದ ಸ್ನಾಯುವಿಜ್ಞಾನ ಅಡಗಿದೆ ಅಂತ ನನಗೆ ಗೊತ್ತಾಗಿದ್ದು ಆಮೇಲೆ, ಸೋಫಾದ ಮೇಲೆ ಕಾಲು ಚಾಚಿ ಓದುತ್ತಾ ಕೂತಾಗ.

ಸೇದುವ ಬಾವಿ ನೆನಪಿದೆಯಾ? ತುಂಬಿದ ಕೊಡ ಮೇಲೆಳೆಯುವಾಗ ತೋಳಿನ ಸ್ನಾಯು ಗಿಡ್ಡವಾಗುತ್ತಾ ಎಳೆಯುತ್ತದೆ. ಅದೇ ತುಂಬಿದ ಕೊಡವನ್ನು ಸದ್ದಾಗದಂತೆ ಮೆಲ್ಲಗೆ ಕೆಳಗೆ ಬಿಡಬೇಕು ಅಂದುಕೊಳ್ಳಿ. ಆಗಲೂ ಅದೇ ಸ್ನಾಯು ಎಳೆಯುತ್ತಲೇ ಇರುತ್ತದೆ, ಆದರೆ ಭಾರ ಅದನ್ನು ಉದ್ದ ಮಾಡುತ್ತಾ ಹೋಗುತ್ತದೆ. ಬೆಟ್ಟ ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಮಾಡುವುದು ಮೊದಲ ಕೆಲಸ. ಇಳಿಯುವಾಗ ಮಾಡುವುದು ಎರಡನೆಯದು. ಪ್ರತಿ ಹೆಜ್ಜೆಗೂ ಮೊಣಕಾಲು ಮಡಚುತ್ತದೆ, ದೇಹ ಮುಗ್ಗರಿಸದಂತೆ ತೊಡೆ ತಡೆಯುತ್ತದೆ. ಹತ್ತುವಾಗ ಇಂಜಿನ್, ಇಳಿಯುವಾಗ ಬ್ರೇಕ್.

ಈ ಎರಡು ಕೆಲಸಗಳ ಖರ್ಚು ಒಂದೇ ಅಲ್ಲ. 1952ರಲ್ಲಿ ಬ್ರಿಟನ್ನಿನ ಆಬಟ್, ಬಿಗ್‌ಲ್ಯಾಂಡ್ ಮತ್ತು ರಿಚಿ ಎಂಬ ಮೂವರು ಇದನ್ನು ಚಂದದ ಪ್ರಯೋಗದಲ್ಲಿ ತೋರಿಸಿದರು. ಎರಡು ಸೈಕಲ್‌ಗಳನ್ನು ಬೆನ್ನಿಗೆ ಬೆನ್ನು ಮಾಡಿ ನಿಲ್ಲಿಸಿ, ನಡುವೆ ಒಂದು ಚೈನ್ ಹಾಕಿದರು. ಒಬ್ಬರು ಮುಂದಕ್ಕೆ ತುಳಿಯಬೇಕು. ಇನ್ನೊಬ್ಬರ ಪೆಡಲ್ ಆಗ ಹಿಂದಕ್ಕೆ ತಿರುಗುತ್ತದೆ, ಅವರು ಅದನ್ನು ಕಾಲಿನಿಂದ ತಡೆಯಬೇಕು. ಇಬ್ಬರ ಕಾಲಿನ ಮೇಲೂ ಅಷ್ಟೇ ಬಲ, ಅಷ್ಟೇ ವೇಗ. ಆದರೆ ತುಳಿಯುವವರಿಗೆ ಬೇಕಾದ ಆಮ್ಲಜನಕ ತಡೆಯುವವರಿಗಿಂತ ಎಷ್ಟೋ ಪಟ್ಟು ಹೆಚ್ಚು. ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಇದನ್ನು ತೋರಿಸಿದಾಗ ತಡೆಯಲು ಕೂತವಳು ಒಬ್ಬ ಯುವತಿ, ತುಳಿಯಲು ಕೂತವನು ಒಬ್ಬ ಯುವಕ. ಸ್ವಲ್ಪ ಹೊತ್ತಿಗೇ ಯುವಕ ಏದುಸಿರು ಬಿಟ್ಟ, ಯುವತಿ ಆರಾಮಾಗಿದ್ದಳು. ಸಭೆಗೆ ಒಳ್ಳೆ ಮಜಾ ಸಿಕ್ಕಿತಂತೆ.

ಬೆಟ್ಟದ ಓಟದ ಖರ್ಚನ್ನು ಇನ್ನೂ ನೇರವಾಗಿ ಅಳೆದವರು ಇಟಲಿಯ ಮಿನೆಟ್ಟಿ ಮತ್ತು ಸಂಗಡಿಗರು. 2002ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಹತ್ತು ಜನ ನುರಿತ ಬೆಟ್ಟದ ಓಟಗಾರರನ್ನು ವಾಲಿಸಿದ ಟ್ರೆಡ್‌ಮಿಲ್ ಮೇಲೆ ಓಡಿಸಿದರು. ಅವರ ಅಂಕಿಗಳನ್ನು 60 ಕಿಲೋ ತೂಕದವರಿಗೆ ಲೆಕ್ಕ ಹಾಕಿ ನೋಡಿದೆ. ಸಮತಟ್ಟಿನಲ್ಲಿ ಒಂದು ಕಿಲೋಮೀಟರ್ ಓಡಲು ಸುಮಾರು 49 ಕಿಲೋಕ್ಯಾಲರಿ, ಒಂದು ಸಣ್ಣ ಇಡ್ಲಿ ಅನ್ನಿ. 100 ಮೀಟರಿಗೆ 45 ಮೀಟರ್ ಏರುವ ಕಡಿದಾದ ದಾರಿಯಲ್ಲಿ ಅದು 270 ದಾಟುತ್ತದೆ, ಐದೂವರೆ ಇಡ್ಲಿ. 100 ಮೀಟರಿಗೆ 20 ಮೀಟರ್ ಇಳಿಯುವ ಕಡೆ ಬರೀ 25, ಅರ್ಧ ಇಡ್ಲಿ. ಓಟಕ್ಕೆ ಅದೇ ಅತಿ ಅಗ್ಗದ ಇಳಿಜಾರು. ಅದಕ್ಕಿಂತ ಕಡಿದಾದರೆ ಬ್ರೇಕ್ ಹಾಕುವುದಕ್ಕೇ ಶಕ್ತಿ ಹೋಗಿ ಖರ್ಚು ಮತ್ತೆ ಏರುತ್ತದೆ.

ಅಗ್ಗ ಅಂದಮೇಲೆ ಸುಲಭ ಅಂತ ಅಲ್ವಾ? ಇಲ್ಲೇ ಇರುವುದು ಮೋಸ. ಸ್ನಾಯು ಉದ್ದವಾಗುತ್ತಾ ಎಳೆಯುವಾಗ ಅದರೊಳಗಿನ ನೂಲಿನಂಥ ಪ್ರತಿ ಎಳೆಯೂ ಹೆಚ್ಚು ಬಲ ಕೊಡಬಲ್ಲದು. ಹಾಗಾಗಿ ಮಿದುಳು ಕಡಿಮೆ ಎಳೆಗಳನ್ನು ಕೆಲಸಕ್ಕೆ ಕರೆಯುತ್ತದೆ. ಹತ್ತು ಜನ ಹೊರುವ ತೊಲೆಯನ್ನು ನಾಲ್ಕು ಜನರ ಹೆಗಲಿಗೆ ಹಾಕಿದಂತೆ. ಕೂಲಿ ಉಳಿಯಿತು, ಹೆಗಲು ಹೋಯಿತು. ಮೇಲಿಂದ, ಇಳಿಯುವಾಗ ನೆಲದ ಹೊಡೆತವೂ ಜಾಸ್ತಿ. ಗಾಟ್ಸ್‌ಚಾಲ್ ಮತ್ತು ಕ್ರಾಮ್ ಎಂಬ ಅಮೆರಿಕದ ಸಂಶೋಧಕರು 2005ರಲ್ಲಿ ಅಳೆದಂತೆ, 9 ಡಿಗ್ರಿ ಇಳಿಜಾರಿನಲ್ಲಿ ಓಡಿದರೆ ಪಾದ ನೆಲಕ್ಕೆ ಬಡಿಯುವ ಹೊಡೆತ ಸಮತಟ್ಟಿಗಿಂತ ಶೇ 54ರಷ್ಟು, ಹಿಂದಕ್ಕೆ ತಡೆಯುವ ಬಲ ಶೇ 73ರಷ್ಟು ಹೆಚ್ಚುತ್ತದೆ.

ಸ್ನಾಯುವಿನ ಎಳೆಯೊಳಗೆ ಸಾರ್ಕೊಮಿಯರ್ ಎಂಬ ಪುಟಾಣಿ ಕೊಂಡಿಗಳ ಸಾಲಿದೆ. ಒಂದು ಮಿಲಿಮೀಟರ್ ಉದ್ದದಲ್ಲಿ ಸುಮಾರು 400 ಕೊಂಡಿ ಕೂರುತ್ತವೆ. ಪ್ರತಿ ಕೊಂಡಿಯೊಳಗೂ ಎರಡು ಬಗೆಯ ತಂತುಗಳು ಒಂದರೊಳಗೊಂದು ತೂರಿಕೊಂಡಿರುತ್ತವೆ, ಎರಡು ಕೈಗಳ ಬೆರಳು ಹೆಣೆದಂತೆ. ಎಲ್ಲ ಕೊಂಡಿಗೂ ಒಂದೇ ತಾಕತ್ತಿರುವುದಿಲ್ಲ. ಬಲವಾಗಿ ಜಗ್ಗಿದಾಗ ದುರ್ಬಲವಾದದ್ದು ಮೊದಲು ಹಿಗ್ಗುತ್ತದೆ, ಹಿಗ್ಗಿದಷ್ಟೂ ಇನ್ನೂ ದುರ್ಬಲವಾಗುತ್ತದೆ, ಕೊನೆಗೆ ಬೆರಳ ಹೆಣಿಗೆಯೇ ಬಿಟ್ಟುಹೋಗುತ್ತದೆ. 1990ರಲ್ಲಿ ಆಸ್ಟ್ರೇಲಿಯಾದ ಡೇವಿಡ್ ಮಾರ್ಗನ್ ಮುಂದಿಟ್ಟ ವಿವರಣೆ ಇದು. ಎಲ್ಲರೂ ಪೂರ್ತಿ ಒಪ್ಪಿದ್ದಾರೆ ಅಂತಲ್ಲ, ಆದರೆ ನನ್ನ ತೊಡೆ ಒಪ್ಪಿದೆ.

ಹರಿದ ಕಡೆ ದುರಸ್ತಿಗೆ ರಕ್ಷಣಾ ಕೋಶಗಳು ಬರುತ್ತವೆ, ಊತ ಬರುತ್ತದೆ, ನೋವಿನ ನರಗಳು ಸೂಕ್ಷ್ಮವಾಗುತ್ತವೆ. ಇದಕ್ಕೆಲ್ಲ ಸಮಯ ಬೇಕು. ಹಾಗಾಗಿ ನೋವು ತಕ್ಷಣ ಬರದೆ ಒಂದರಿಂದ ಮೂರು ದಿನದೊಳಗೆ ಶಿಖರ ಮುಟ್ಟುತ್ತದೆ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿಳಿದವರಿಗೆ, ಕುಮಾರಪರ್ವತದ 1,712 ಮೀಟರ್ ತುದಿ ಮುಟ್ಟಿ ಕುಕ್ಕೆಗೆ ಇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಊರಿಗೆ ಬಂದು ಹೇಳಿಕೊಳ್ಳುವುದು ಮಾತ್ರ ಹತ್ತಿದ ಕಥೆಯನ್ನೇ.

ಜಿಮ್‌ಗಳಲ್ಲಿ ಇವತ್ತಿಗೂ ಕೇಳುವ ಮಾತೊಂದಿದೆ: "ಲ್ಯಾಕ್ಟಿಕ್ ಆಸಿಡ್ ಕಟ್ಟಿಕೊಂಡಿದೆ." ಮರುದಿನದ ನೋವಿಗೂ ಅದಕ್ಕೂ ಸಂಬಂಧವಿಲ್ಲ. ಸ್ನಾಯುವಿನೊಳಗಿನ ಹರುಕೇ ಕಾರಣ ಇರಬಹುದು ಅಂತ ಥಿಯೋಡರ್ ಹಫ್ ಎಂಬ ಅಮೆರಿಕದ ವಿಜ್ಞಾನಿ 1902ರಲ್ಲೇ ಬರೆದಿದ್ದ. 1983ರಲ್ಲಿ ಅಮೆರಿಕದ ಸಂಶೋಧಕರು ಜನರನ್ನು 45 ನಿಮಿಷ ಸಮತಟ್ಟಿನಲ್ಲಿ, ಅಷ್ಟೇ ಹೊತ್ತು ಇಳಿಜಾರಿನಲ್ಲಿ ಓಡಿಸಿ ನೋಡಿದರು. ಸಮತಟ್ಟಿನಲ್ಲಿ ಓಡಿದಾಗ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರಿತು, ನೋವು ಬರಲಿಲ್ಲ. ಇಳಿಜಾರಿನಲ್ಲಿ ಓಡಿದಾಗ ಆಮ್ಲ ಏರಲಿಲ್ಲ, ನೋವು ಬಂತು. ಇಷ್ಟು ಸ್ಪಷ್ಟವಾಗಿದ್ದರೂ ಆ ಮಾತು ಇನ್ನೂ ಸತ್ತಿಲ್ಲ.

ಈಗ ನನ್ನ ಸೈಕಲ್ ವಿಷಯಕ್ಕೆ ಬರೋಣ. ಪೆಡಲ್ ತುಳಿಯುವಾಗ ತೊಡೆ ಮಾಡುವುದೆಲ್ಲ ನೂಕುವ ಕೆಲಸ. ಕಾಲು ಮೇಲೆ ಬರುವಾಗ ಅದನ್ನು ಎತ್ತಿಕೊಡುವುದು ಪೆಡಲ್. ಭಾರ ಹೊತ್ತು ಉದ್ದವಾಗುವ ಸಂದರ್ಭವೇ ಹೆಚ್ಚುಕಡಿಮೆ ಇಲ್ಲ. ಈಜಿನಲ್ಲೂ ಅಷ್ಟೇ, ನೀರು ಹೊಡೆತ ಕೊಡುವುದಿಲ್ಲ. ಅಂದರೆ ಮೂರು ವರ್ಷ ನಾನು ಭರ್ಜರಿ ಇಂಜಿನ್ ಕಟ್ಟಿದ್ದೆ, ಬ್ರೇಕ್ ಹಾಕಿಸುವುದನ್ನೇ ಮರೆತಿದ್ದೆ. ನಂದಿಬೆಟ್ಟ ಇಳಿಯುವಾಗ ಬ್ರೇಕ್ ಹಿಡಿಯುತ್ತಿದ್ದದ್ದು ಸೈಕಲ್ಲು, ನಾನಲ್ಲ.

ಆಫ್‌ರೋಡ್ ಟ್ರಯಥ್ಲಾನ್‌ನ ತೊಡಕು ಇಲ್ಲೇ ಇದೆ. ಈ ಆಟಕ್ಕೆ ಹೆಸರು ತಂದದ್ದು ಎಕ್ಸ್‌ಟೆರಾ ಎಂಬ ಸ್ಪರ್ಧೆ. 1996ರಲ್ಲಿ ಹವಾಯಿಯ ಮಾವಿ ದ್ವೀಪದಲ್ಲಿ ಶುರುವಾಯಿತು. ಒಂದೂವರೆ ಕಿಲೋಮೀಟರ್ ಸಮುದ್ರದಲ್ಲಿ ಈಜು, ಸುಮಾರು 30 ಕಿಲೋಮೀಟರ್ ಬೆಟ್ಟದ ಮೇಲೆ ಸೈಕಲ್, ಹತ್ತು ಹನ್ನೊಂದು ಕಿಲೋಮೀಟರ್ ಓಟ. 1998 ಮತ್ತು 1999ರಲ್ಲಿ ಅಲ್ಲಿ ಗೆದ್ದ ನೆಡ್ ಓವರೆಂಡ್, 1990ರ ಮೌಂಟನ್ ಬೈಕ್ ವಿಶ್ವ ಚಾಂಪಿಯನ್. ಗೆದ್ದಾಗ ವಯಸ್ಸು 43, 44. ನಲವತ್ತು ದಾಟಿದ ನಮ್ಮಂಥ ಹವ್ಯಾಸಿಗಳು ಆಗಾಗ ಈ ಹೆಸರು ಜಪಿಸುವುದುಂಟು. ಆದರೆ ಸೈಕಲ್ ತುಳಿದು ದಣಿದ ತೊಡೆಯನ್ನು ನೇರ ಇಳಿಜಾರಿಗೆ ಬಿಟ್ಟಾಗ ಅದು ಅಲ್ಲಿಯವರೆಗೆ ಮಾಡದೇ ಇದ್ದ ಕೆಲಸವನ್ನು ಮಾಡಬೇಕು. ನೂಕಿ ನೂಕಿ ಸೋತವನಿಗೆ ಈಗ ತಡೆ ಅಂದ ಹಾಗೆ.

ದಣಿದ ಸ್ನಾಯುವಿಗೆ ಬಲದ ಜೊತೆ ಇನ್ನೊಂದು ನಷ್ಟವೂ ಇದೆ. ಕಣ್ಣು ಮುಚ್ಚಿದರೂ ಕೈಕಾಲು ಎಲ್ಲಿದೆ ಅಂತ ನಮಗೆ ಗೊತ್ತಿರುತ್ತದಲ್ಲ, ಆ ಅಂದಾಜು ಇಂಥ ಕೆಲಸದ ನಂತರ ತಪ್ಪತೊಡಗುತ್ತದೆ. ಕಲ್ಲಿಗಿಂತ ಒಂದು ಬೆರಳು ಮೇಲೆ ಎತ್ತಿದೆ ಅಂದುಕೊಂಡ ಪಾದ ಕಲ್ಲಿಗೇ ಎಡವುತ್ತದೆ. ಕಾಡುದಾರಿಯಲ್ಲಿ ಕೊನೆಯ ಐದು ಕಿಲೋಮೀಟರಿನಲ್ಲೇ ಜನ ಜಾಸ್ತಿ ಬೀಳುವುದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ. ಕಣ್ಣಿಗೂ ಕೆಲಸ ಹೆಚ್ಚು. ಒರಟು ನೆಲದಲ್ಲಿ ನಡೆಯುವವರ ಕಣ್ಣಿನ ಚಲನೆಯನ್ನು 2018ರ ಒಂದು ಅಧ್ಯಯನ ಹಿಂಬಾಲಿಸಿತ್ತು. ನಡೆಯುವವರ ನೋಟ ಸುಮಾರು ಒಂದೂವರೆ ಸೆಕೆಂಡು ಮುಂದೆ, ಅಂದರೆ ಎರಡು ಮೂರು ಹೆಜ್ಜೆ ಆಚೆ ಇರುತ್ತದೆ. ಕಾಲ ಬುಡ ನೋಡುತ್ತಾ ಇಳಿಯುವ ನನ್ನಂಥವರು ನಿಧಾನವಾಗುವುದೂ, ಎಡವುವುದೂ ಇದಕ್ಕೇ ಇರಬೇಕು. ಮಳೆಗಾಲದಲ್ಲಿ ಕಾಲ ಬುಡ ನೋಡಲು ಇನ್ನೊಂದು ಕಾರಣವಿದೆ: ಉಂಬಳ. ನೋಡಿದರೂ ಪ್ರಯೋಜನವಿಲ್ಲ, ಹತ್ತಿಕೊಳ್ಳುವುದು ಹತ್ತಿಕೊಳ್ಳುತ್ತದೆ.

ತುಂಬಾ ದೂರದ ಓಟಗಳಲ್ಲಿ ಒಂದು ವಿಚಿತ್ರ ಕಂಡಿದೆ. ಆಲ್ಪ್ಸ್‌ನ ಮೌಂಟ್ ಬ್ಲಾಂಕ್ ಸುತ್ತುವ 166 ಕಿಲೋಮೀಟರ್ ಓಟ ಮುಗಿಸಿದವರಲ್ಲಿ ತೊಡೆಯ ಬಲ ಶೇ 35ರಷ್ಟು ಕುಸಿದಿತ್ತು. ಪೂರ್ತಿ ಸರಿಹೋಗಲು ಸುಮಾರು ಎರಡು ವಾರ ಬೇಕಾಯಿತು. ಇಟಲಿಯ ಟೋರ್ ದೆ ಜಿಯಾನ್ ಓಟ ಅದರ ಎರಡು ಪಟ್ಟು, 330 ಕಿಲೋಮೀಟರ್, 24,000 ಮೀಟರ್ ಏರು. ಅಲ್ಲಿ ಮುಗಿಸಿದವರಲ್ಲಿ ಕುಸಿತ ಶೇ 24 ಮಾತ್ರ. ಇಷ್ಟು ದೂರ ಅಂತ ಗೊತ್ತಿದ್ದವರು ಮೊದಲಿನಿಂದಲೇ ನಿಧಾನವಾಗಿ ಇಳಿದಿದ್ದರು ಅನ್ನುವುದು ಸಂಶೋಧಕರ ಊಹೆ. ನಾನಾದರೋ ಮೊದಲ ಇಳಿಜಾರಿನಲ್ಲೇ ಮಾನ ಉಳಿಸಿಕೊಳ್ಳಲು ಹಾರಿ ಹಾರಿ ಓಡಿದ್ದೆ. ಉದ್ದ ಹೆಜ್ಜೆ ಹಾಕಿದಷ್ಟೂ ಪಾದ ದೇಹಕ್ಕಿಂತ ಮುಂದೆ ಬೀಳುತ್ತದೆ, ತೊಡೆ ಅಷ್ಟೂ ತಡೆಯಬೇಕು. ತೋಟದ ಹಿರಿಯರ ಪುಟಪುಟ ಹೆಜ್ಜೆಯ ಗುಟ್ಟು ಅದು.

ಇನ್ನೊಂದು ಮಾತು, ಇದು ತಮಾಷೆಯದ್ದಲ್ಲ. ಓಟದ ನಡುವೆ ನೋವಿನ ಮಾತ್ರೆ ನುಂಗುವವರಿದ್ದಾರೆ. ಹರಿದ ಸ್ನಾಯುವಿನಿಂದ ಮಯೋಗ್ಲೋಬಿನ್ ಎಂಬ ಪ್ರೋಟೀನ್ ರಕ್ತಕ್ಕೆ ಸೋರುತ್ತದೆ, ಅದನ್ನು ಸೋಸುವ ಕೆಲಸ ಮೂತ್ರಪಿಂಡದ್ದು. ಬೆವರಿ ನೀರು ಕಡಿಮೆಯಾದ ಮೈಯಲ್ಲಿ ಐಬುಪ್ರೊಫೆನ್ ಥರದ ಮಾತ್ರೆ ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನೂ ಕುಗ್ಗಿಸುತ್ತದೆ. ಓಟದ ನಂತರ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ಆಸ್ಪತ್ರೆಗೆ ಹೋಗಿ.

ಇಷ್ಟೆಲ್ಲ ಹಾಳಾಗುವ ಸ್ನಾಯುವಿಗೆ ಒಂದು ಒಳ್ಳೆ ಗುಣವಿದೆ, ಒಮ್ಮೆ ಪೆಟ್ಟು ತಿಂದರೆ ಮರೆಯುವುದಿಲ್ಲ. ಒಂದೇ ಒಂದು ಇಳಿಜಾರಿನ ಓಟ ಮುಂದಿನ ಹಲವು ವಾರಗಳ ತನಕ ರಕ್ಷಣೆ ಕೊಡುತ್ತದೆ. ಅದೇ ದಾರಿ, ಅದೇ ವೇಗ, ಆದರೆ ಎರಡನೇ ಸಲ ನೋವು ತೀರಾ ಕಡಿಮೆ. ನರಗಳು ಭಾರ ಹಂಚುವ ರೀತಿ ಬದಲಾಗುತ್ತದೆ, ಎಳೆಗಳ ಸುತ್ತಲಿನ ಕಟ್ಟು ಗಟ್ಟಿಯಾಗುತ್ತದೆ, ಕೊಂಡಿಗಳ ಸಂಖ್ಯೆಯೂ ಹೆಚ್ಚುತ್ತದೆ ಎಂದು ನಾನಾ ವಿವರಣೆಗಳಿವೆ. ಮೊದಲ ಸಲ ಪ್ರಾಣ ಹೋಗುವಷ್ಟು ನೋಯಲೇಬೇಕೆಂದೂ ಇಲ್ಲ. ಹಗುರವಾದ ಇಳಿತವೂ ಸಾಕಷ್ಟು ರಕ್ಷಣೆ ಕೊಡುತ್ತದೆ. "ದಿನಾ ಇಳೀತೀವಲ್ಲ" ಅಂದರೆ ಇದೇ. ಆ ಹಿರಿಯರ ತೊಡೆಗೆ ಆ ಬೆಟ್ಟದಲ್ಲಿ ಹೊಸದೇನೂ ಇರಲಿಲ್ಲ.

ಬೆಂಗಳೂರಿನಲ್ಲಿ ದಿನಾ ಬೆಟ್ಟ ಎಲ್ಲಿಂದ ತರುವುದು? ತುರಹಳ್ಳಿ ಕಾಡಿದೆ, ಆದರೆ ವಾರದ ದಿನ ಅಲ್ಲಿಗೆ ಹೋಗಿಬರುವ ಹೊತ್ತಿಗೆ ಟ್ರಾಫಿಕ್‌ನಲ್ಲೇ ಓಟ ಮುಗಿದಿರುತ್ತದೆ. ದಾರಿ ತೋರಿಸಿದ್ದು ತೈವಾನ್‌ನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಒಂದು ಅಧ್ಯಯನ. ತೂಕ ಹೆಚ್ಚಿದ್ದ 30 ವಯಸ್ಸಾದ ಹೆಂಗಸರಲ್ಲಿ ಅರ್ಧ ಜನ 12 ವಾರ ಮೆಟ್ಟಿಲು ಹತ್ತಿ ಲಿಫ್ಟ್‌ನಲ್ಲಿ ಇಳಿದರು. ಉಳಿದವರು ಲಿಫ್ಟ್‌ನಲ್ಲಿ ಹತ್ತಿ ಮೆಟ್ಟಿಲು ಇಳಿದರು. ಕಾಲಿನ ಬಲ, ಸಮತೋಲ, ಮೂಳೆಯ ಸಾಂದ್ರತೆ, ಇನ್ಸುಲಿನ್‌ಗೆ ಮೈ ಸ್ಪಂದಿಸುವ ಬಗೆ, ಹೆಚ್ಚಿನ ಅಳತೆಗಳಲ್ಲಿ ಮುಂದೆ ಬಂದವರು ಇಳಿದವರೇ.

ನಮ್ಮ ಅಪಾರ್ಟ್‌ಮೆಂಟ್‌ಗೆ ಒಂಬತ್ತು ಮಹಡಿ. ಸಂಜೆ ಆರು ಸಲ ಲಿಫ್ಟ್‌ನಲ್ಲಿ ಹತ್ತಿ ಮೆಟ್ಟಿಲಲ್ಲಿ ಇಳಿಯುತ್ತೇನೆ. ಮೊದಲ ವಾರ ಸೆಕ್ಯುರಿಟಿಯವರು ಸುಮ್ನೆ ನೋಡುತ್ತಿದ್ದರು. ಎರಡನೇ ವಾರ ತಡೆಯಲಾಗದೆ ಕೇಳಿಯೇಬಿಟ್ಟರು: "ಸಾರ್, ಕೆಲವರು ಹತ್ತೋಕೆ ಕಷ್ಟ ಅಂತ ಲಿಫ್ಟ್ ಹಿಡೀತಾರೆ, ಕೆಲವರು ಆರೋಗ್ಯಕ್ಕೆ ಅಂತ ಮೆಟ್ಟಿಲು ಹತ್ತುತಾರೆ. ನೀವು ಎರಡೂ ಬಿಟ್ಟು ಇದೇನು?" ನಾನು ಸಾರ್ಕೊಮಿಯರ್‌ನಿಂದ ಶುರು ಮಾಡಿದೆ. ಅಷ್ಟರಲ್ಲಿ ಗೇಟಿನಲ್ಲಿ ಯಾವುದೋ ಡೆಲಿವರಿ ಬಂತು, ಅವರು ಬಚಾವಾದರು.