ಹತ್ತಕ್ಕೆ ಎಂಟು: ಮನೆಯಲ್ಲಿ ವಿಸ್ಕಿಗೆ ಕೊಡುವ ಅಂಕದಲ್ಲಿ ಏನೇನು ಸೇರಿದೆ?

ಹುಬ್ಬಳ್ಳಿ-ಧಾರವಾಡದಲ್ಲಿ ಈಗ ಒಂದು ಒಳ್ಳೆಯ ಬದಲಾವಣೆ ಕಾಣುತ್ತಿದೆ. ಕ್ವಾರ್ಟರ್ ತಂದು, ಸೋಡಾ ಸುರಿದು, ಗಡಿಬಿಡಿಯಲ್ಲಿ ಮುಗಿಸುವ ಬದಲು ಕೆಲವರು ಒಂದು ಬಾಟಲಿಯನ್ನು ಮನೆಗೆ ತಂದಿಟ್ಟು ತಿಂಗಳುಗಟ್ಟಲೆ ರುಚಿ ನೋಡುತ್ತಾರೆ. ಸಣ್ಣ ನೋಟ್‌ಬುಕ್ಕಿನಲ್ಲಿ ಅಂಕವನ್ನೂ ಬರೆದಿಡುತ್ತಾರೆ. "ಇದಕ್ಕ ಹತ್ತಕ್ಕ ಎಂಟು ಕೊಡಬಹುದು ನೋಡ್ರಿ" ಅನ್ನುತ್ತಾರೆ. ಗಮನ ಕೊಟ್ಟು ಕುಡಿಯುವವರು ಕಡಿಮೆ ಕುಡಿಯುತ್ತಾರೆ ಎಂಬುದು ನಾನು ಸುತ್ತಮುತ್ತ ಕಂಡದ್ದು. ಹಾಗಾಗಿ ಈ ಅಭ್ಯಾಸ ನನಗೆ ಇಷ್ಟ.

ಆದರೆ ಆ ಎಂಟು ಬಿದ್ದದ್ದು ಯಾವುದಕ್ಕೆ? ಬಾಟಲಿಯೊಳಗೆ ಇರುವುದಕ್ಕೋ, ಅದರ ಬೆಲೆಗೋ, ಬಣ್ಣಕ್ಕೋ, ಅರ್ಧ ಗಂಟೆ ಮುಂಚೆ ತಿಂದ ಮಿರ್ಚಿ ಭಜಿಗೋ?

ಮಿರ್ಚಿಯಿಂದಲೇ ಶುರು ಮಾಡೋಣ. ನಮ್ಮ ಕಡೆ ಗ್ಲಾಸು ಬಂತೆಂದರೆ ಗಿರಮಿಟ್ಟು, ಮಿರ್ಚಿ ಹಿಂದೆಯೇ ಬರುತ್ತವೆ. ಸಾವಜಿ ಊಟ ಇದ್ದರಂತೂ ಕೇಳುವುದೇ ಬೇಡ. ಬಾಯಿಯ ನರಗಳ ತುದಿಯಲ್ಲಿ ಟಿಆರ್‌ಪಿವಿ1 ಎಂಬ ಒಂದು ಪ್ರೋಟೀನ್ ಇದೆ. ಬಿಸಿ ತಾಗಿದರೆ ಇದು ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ. ಮೆಣಸಿನಕಾಯಿಯ ಖಾರ, ಅಂದರೆ ಕ್ಯಾಪ್ಸೈಸಿನ್ ತಾಗಿದರೂ ಅದೇ ಸುದ್ದಿ ಹೋಗುತ್ತದೆ. ಖಾರ ತಿಂದಾಗ ಬಾಯಿ ಉರಿಯುವುದು ಇದಕ್ಕೇ. ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್ ಅವರ ತಂಡ 1997ರಲ್ಲಿ ಈ ಪ್ರೋಟೀನನ್ನು ಗುರುತಿಸಿತು. 2021ರ ನೊಬೆಲ್ ಬಹುಮಾನದಲ್ಲಿ ಅವರಿಗೆ ಪಾಲು ಸಿಕ್ಕಿದ್ದು ಈ ಬಗೆಯ ಕೆಲಸಕ್ಕೆ. ಮಾಮೂಲಿಯಾಗಿ ಇದು ಎಚ್ಚರಗೊಳ್ಳುವುದು 42 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಆಲ್ಕೋಹಾಲ್ ಸೇರಿದರೆ ಆ ಗಡಿ ಸುಮಾರು 34ಕ್ಕೆ ಇಳಿಯುತ್ತದೆ ಎಂದು 2002ರಲ್ಲಿ ಗೊತ್ತಾಯಿತು. ಬಾಯೊಳಗಿನ ಬಿಸಿ ಅದಕ್ಕಿಂತ ಜಾಸ್ತಿಯೇ ಇರುತ್ತದೆ. ಹಾಗಾಗಿ ತಣ್ಣಗಿನ ವಿಸ್ಕಿಯೂ ಗಂಟಲು ಸುಡುತ್ತದೆ.

ಅಂದರೆ ಮೆಣಸಿನಕಾಯಿ ಮತ್ತು ವಿಸ್ಕಿ ಎರಡೂ ಒಂದೇ ಬಾಗಿಲು ತಟ್ಟುತ್ತವೆ. ಈಗಷ್ಟೇ ಖಾರ ತಿಂದ ಬಾಯಿಗೆ ಮೊದಲ ಗುಟುಕು ಬೆಂಕಿ. ಮತ್ತೆ ಮತ್ತೆ ಖಾರ ಬಿದ್ದು ಆ ನರಗಳು ಸೋತ ಮೇಲೆ ಒರಟು ವಿಸ್ಕಿಯೂ ಮೆತ್ತಗೆ ಅನಿಸುತ್ತದೆ. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆ, ಅದರಿಂದ ಅಷ್ಟು ತೊಂದರೆಯಿಲ್ಲ. ಭಜಿಗೆ ಹಾಕುವ ಹಸಿಮೆಣಸಿನಕಾಯಿ, ಸಾವಜಿ ಮಸಾಲೆ ಹಾಗಲ್ಲ. ಇನ್ನು ಧಾರವಾಡ ಪೇಡೆ ತಿಂದು ಗುಟುಕು ಹಾಕಿದರೆ, ಆ ಸಕ್ಕರೆಯ ಮುಂದೆ ವಿಸ್ಕಿಯ ಸಣ್ಣ ಸಿಹಿ ಮುಳುಗಿ ಕಹಿ ಎದ್ದು ಬರುತ್ತದೆ. ಅಂಕ ಕೊಡುವುದಿದ್ದರೆ ತಿನ್ನುವ ಮುಂಚೆ ಕೊಡಿ. ತಿಂದ ಮೇಲೆ ಬರೆದ ಅಂಕವನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಬಾಯಿಯ ಕೆಲಸ ಇಷ್ಟೇ. ಸಿಹಿ, ಹುಳಿ, ಉಪ್ಪು, ಕಹಿ, ಉಮಾಮಿ (ಮಾಂಸದ ಸಾರಿನಂಥ ರುಚಿ), ಜೊತೆಗೆ ಈ ಉರಿ. ಉಳಿದದ್ದೆಲ್ಲ ಮೂಗಿನದು. ಮೂಗು ಹಿಡಿದುಕೊಂಡು ಒಂದು ಗುಟುಕು ನುಂಗಿ ನೋಡಿ, ಬರೀ ಉರಿ ಮತ್ತು ಸಣ್ಣ ಸಿಹಿ ಸಿಗುತ್ತದೆ. ಬೆರಳು ಬಿಟ್ಟ ಕೂಡಲೇ ಗಂಟಲ ಹಿಂದಿನಿಂದ ಮೂಗಿಗೆ ಆವಿ ಏರಿ, ವಿಸ್ಕಿ ಅಂದರೆ ಏನೆಂದು ಆಗ ತಿಳಿಯುತ್ತದೆ. ನಮ್ಮ ಮೂಗಿನಲ್ಲಿ ಸುಮಾರು 400 ಬಗೆಯ ಗ್ರಾಹಕಗಳು, ಅಂದರೆ ವಾಸನೆಯ ಅಣುಗಳನ್ನು ಹಿಡಿಯುವ ಪ್ರೋಟೀನುಗಳು ಇವೆ. ಇವುಗಳ ಜೀನ್‌ಗಳನ್ನು 1991ರಲ್ಲಿ ಪತ್ತೆ ಮಾಡಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರಲ್ಲಿ ನೊಬೆಲ್ ಬಂತು.

ಆ ಗ್ರಾಹಕಗಳಿಗೆ ಸಿಗುವ ಸರಕು ಬಹಳ ಚೆಂದದ್ದು. ಯೀಸ್ಟ್ ಸಕ್ಕರೆ ತಿಂದು ಆಲ್ಕೋಹಾಲ್ ಮಾಡುವಾಗ ಎಸ್ಟರ್ ಮೊದಲಾದ ವಾಸನೆಯ ಅಣುಗಳೂ ಹುಟ್ಟುತ್ತವೆ. ಐಸೊಅಮೈಲ್ ಅಸಿಟೇಟ್ ಅಂದರೆ ಮಾಗಿದ ಬಾಳೆಹಣ್ಣಿನ ವಾಸನೆ. ಫೀನೈಲ್ ಎಥನಾಲ್‌ನದು ಗುಲಾಬಿ. ಮಾಲ್ಟನ್ನು (ಮೊಳಕೆ ಬರಿಸಿದ ಬಾರ್ಲಿ) ಪೀಟ್ ಹೊಗೆಯಲ್ಲಿ ಒಣಗಿಸಿದ್ದರೆ, ಅಂದರೆ ಜೌಗು ನೆಲದ ಅರೆಗೊಳೆತ ಸಸ್ಯಗಳ ಮಣ್ಣನ್ನು ಉರಿಸಿ ಒಣಗಿಸಿದ್ದರೆ, ಗ್ವಾಯಕಾಲ್‌ನಂಥ ಹೊಗೆ ವಾಸನೆಯ ಅಣುಗಳು ಕಾಳಿಗೆ ಅಂಟುತ್ತವೆ. ಕಟ್ಟಿಗೆ ಒಲೆಯ ಹೊಗೆಯಲ್ಲಿರುವುದೂ ಇದೇ ಅಣು. ಆಮೇಲೆ ಓಕ್ ಮರದ ಪೀಪಾಯಿಯ ಸರದಿ. ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಒಡೆದು ವೆನಿಲ್ಲಾ ವಾಸನೆಯ ವೆನಿಲ್ಲಿನ್ ಬರುತ್ತದೆ. ಓಕ್‌ನ ಲ್ಯಾಕ್ಟೋನ್‌ನಿಂದ ಕೊಬ್ಬರಿ ವಾಸನೆ. ಅಮೆರಿಕದ ಓಕ್‌ನಲ್ಲಿ ಇದು ಹೆಚ್ಚು.

ನಮ್ಮಲ್ಲಿ ಮಾರಾಟವಾಗುವ ಅಗ್ಗದ ವಿಸ್ಕಿಗಳಲ್ಲಿ ಇವು ಯಾಕೆ ಅಷ್ಟಾಗಿ ಸಿಗುವುದಿಲ್ಲ? ಅವುಗಳಲ್ಲಿ ಹೆಚ್ಚಿನವಕ್ಕೆ ಬುನಾದಿ ಕಾಕಂಬಿ ಅಥವಾ ಧಾನ್ಯದಿಂದ ತೆಗೆದ ನ್ಯೂಟ್ರಲ್ ಸ್ಪಿರಿಟ್, ಅಂದರೆ ತನ್ನದೇ ರುಚಿ-ವಾಸನೆ ಹೆಚ್ಚೇನೂ ಇಲ್ಲದ ಆಲ್ಕೋಹಾಲ್. ಅದನ್ನು ಎತ್ತರದ ಕಾಲಮ್‌ಗಳಲ್ಲಿ ಶೇ. 96ರಷ್ಟು ಗಟ್ಟಿಯಾಗುವ ತನಕ ಬಟ್ಟಿ ಇಳಿಸುತ್ತಾರೆ. ಅಷ್ಟು ಶುದ್ಧ ಮಾಡಿದರೆ ಎಸ್ಟರ್‌ಗಳೂ ಹೊರಟುಹೋಗುತ್ತವೆ. ಆಮೇಲೆ ಒಂದಿಷ್ಟು ಮಾಲ್ಟ್ ವಿಸ್ಕಿ ಬೆರೆಸುತ್ತಾರೆ. ಯುರೋಪಿನಲ್ಲಿ ಧಾನ್ಯದಿಂದ ಮಾಡಿ ಮೂರು ವರ್ಷ ಮರದಲ್ಲಿ ಇಡದಿದ್ದರೆ ವಿಸ್ಕಿ ಎಂದು ಮಾರುವ ಹಾಗಿಲ್ಲ. ಆದರೆ ನಮ್ಮ ರಾಜ್ಯದ್ದೇ ಇನ್ನೊಂದು ಕಥೆಯೂ ಇದೆ. 1948ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಅಮೃತ್ ಡಿಸ್ಟಿಲರೀಸ್ 2004ರಲ್ಲಿ ತನ್ನ ಸಿಂಗಲ್ ಮಾಲ್ಟನ್ನು (ಒಂದೇ ಡಿಸ್ಟಿಲರಿಯಲ್ಲಿ ಮಾಲ್ಟಿನಿಂದಷ್ಟೇ ಮಾಡಿದ ವಿಸ್ಕಿ) ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲೇ ಬಿಡುಗಡೆ ಮಾಡಿತು. ಸ್ಕಾಟ್ಲೆಂಡಿನ ತಂಪಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು ಶೇ. 2ರಷ್ಟು ಆವಿಯಾಗಿ ಹೋದರೆ, ಬೆಂಗಳೂರಿನಲ್ಲಿ ಶೇ. 10ರಿಂದ 12ರಷ್ಟು ಹೋಗುತ್ತದೆ. ನಷ್ಟ ದೊಡ್ಡದು. ಆದರೆ ಅದೇ ಬಿಸಿಗೆ ಮರದ ಸಾರ ಬೇಗ ಇಳಿಯುವುದರಿಂದ ಅಲ್ಲಿ ಹತ್ತು-ಹನ್ನೆರಡು ವರ್ಷ ಕಾಯುವುದನ್ನು ಇಲ್ಲಿ ನಾಲ್ಕೈದು ವರ್ಷಕ್ಕೆ ಬಾಟಲಿಗೆ ತುಂಬಬಹುದು. ಲೇಬಲ್ ಮೇಲಿನ ವಯಸ್ಸನ್ನಷ್ಟೇ ನೋಡಿ ಅಂಕ ಕೊಡುವವರಿಗೆ ನಾನು ಇದನ್ನು ಜೋರಾಗಿಯೇ ಹೇಳುತ್ತೇನೆ.

ವಾಸನೆ ಸಿಕ್ಕರೂ ಹೆಸರು ಹಿಡಿಯುವುದು ಕಷ್ಟ. 1979ರಲ್ಲಿ ಎಡಿನ್‌ಬರಾದ ಸಂಶೋಧಕರು ವಿಸ್ಕಿಯ ವಾಸನೆಗಳನ್ನು ಒಂದು ಚಕ್ರದಲ್ಲಿ ಜೋಡಿಸಿದರು. ಅಲ್ಲಿಂದೀಚೆಗೆ ಬೆಳೆದ ಪಟ್ಟಿಗಳಲ್ಲಿ ಹೆದರ್ ಹೂವು, ಮಾರ್ಮಲೇಡ್, ಕ್ರಿಸ್ಮಸ್ ಕೇಕ್ ಎಲ್ಲ ಬರುತ್ತವೆ. ಹೆದರ್ ಹೂವನ್ನು ಗದಗದಲ್ಲಿ ಯಾರು ಮೂಸಿದ್ದಾರೆ? ಮೂಸದ್ದನ್ನು ಮೂಗು ಗುರುತಿಸಲಾರದು, ಸುಮ್ನೆ ಬಾಯಿ ಹೇಳುತ್ತದೆ ಅಷ್ಟೇ. ನಮ್ಮ ಮೂಗಿನ ನೆನಪಿನಲ್ಲಿ ಬೇರೆ ಸಂಪತ್ತಿದೆ. ಹಾವೇರಿಯ ಏಲಕ್ಕಿ ಮಾಲೆ, ತವೆಯ ಮೇಲೆ ಚೂರು ಸುಟ್ಟ ಜೋಳದ ರೊಟ್ಟಿ, ಆಲೆಮನೆಯ ಕುದಿಯುವ ಬೆಲ್ಲ, ಆಪೂಸ್ ಮಾವಿನ ತೊಟ್ಟು, ಎರೆಮಣ್ಣಿಗೆ ಬಿದ್ದ ಮೊದಲ ಮಳೆ. ಮಳೆಯ ಆ ವಾಸನೆಗೆ ಕಾರಣ ಮಣ್ಣಿನ ಬ್ಯಾಕ್ಟೀರಿಯಾ ಮಾಡುವ ಜಿಯೋಸ್ಮಿನ್. ನೀರಿನಲ್ಲಿ ಲಕ್ಷ ಕೋಟಿಗೆ ಕೆಲವೇ ಭಾಗ ಇದ್ದರೂ ನಮ್ಮ ಮೂಗು ಹಿಡಿಯುತ್ತದೆ. ನೆಲದಲ್ಲಿ ಅದು ಎಷ್ಟು ಹಿತವೋ ವಿಸ್ಕಿಯಲ್ಲಿ ಅಷ್ಟೇ ದೋಷ, ಮುಗ್ಗಲು ಅನಿಸುತ್ತದೆ.

ಧಾರವಾಡದ ಸಪ್ತಾಪುರದಲ್ಲಿ ನನ್ನ ಗೆಳೆಯನ ಮನೆ. ಅವನ ಹೆಂಡತಿಗೆ ನಾನು ವೈನಿ ಅನ್ನುತ್ತೇನೆ. ಅವರು ಕುಡಿಯುವುದಿಲ್ಲ. ಒಂದು ಸಂಜೆ ನಾವಿಬ್ಬರೂ ಒಂದು ಗ್ಲಾಸು ಹಿಡಿದು "ಕೊಬ್ಬರಿ ಐತಿ" ಎಂದು ಚರ್ಚೆ ಮಾಡುತ್ತಿದ್ದೆವು. ವೈನಿ ಗ್ಲಾಸು ಇಸಕೊಂಡು ಒಂದು ಸಲ ಮೂಸಿದರು. "ಹಸಿ ಕೊಬ್ಬರಿ ಅಲ್ರೀ ಅಣ್ಣಾರ, ಒಣ ಕೊಬ್ಬರಿ. ಉಂಡಿಗೆ ಹುರದ ಹಾಕ್ತೀವಲ್ಲ, ಕೆಂಪಗಾದ ಮ್ಯಾಲೆ ಬರೋ ವಾಸನಿ ನೋಡ್ರಿ ಇದು" ಅಂದರು. ಮತ್ತೆ ಮೂಸಿದೆವು. ಹೌದು, ಅದೇ. ಪೀಪಾಯಿಯ ಒಳಮೈಯನ್ನು ಬೆಂಕಿಯಲ್ಲಿ ಸುಟ್ಟಿರುತ್ತಾರೆ, ಲ್ಯಾಕ್ಟೋನ್ ಜೊತೆ ಆ ಸುಟ್ಟ ಮರದ ವಾಸನೆಯೂ ಬಂದಿತ್ತು. ದಿನಾ ಒಗ್ಗರಣೆ ಹಾಕುವ, ಹುರಿಯುವ ಮೂಗು ಎಷ್ಟು ಪಳಗಿರುತ್ತದೆ ನೋಡಿ.

ಮುಂದಿನ ಸಲ ಸುರಿಯುವ ಕೆಲಸವನ್ನು ವೈನಿಗೇ ಒಪ್ಪಿಸಿದೆವು. ಅವರು ಅಡುಗೆಮನೆಯಲ್ಲಿ ಸುರಿದು, ಗ್ಲಾಸಿನ ಅಡಿಗೆ ಚೀಟಿ ಅಂಟಿಸಿ, ಮೇಲೆ ತಟ್ಟೆ ಮುಚ್ಚಿ ತಂದಿಟ್ಟರು. ನಮಗೆ ಹೇಳದೆ ಒಂದೇ ಬಾಟಲಿಯದನ್ನು ಎರಡು ಗ್ಲಾಸಿಗೆ ಸುರಿದಿದ್ದರು. ಗೆಳೆಯ ಒಂದಕ್ಕೆ ಏಳು ಕೊಟ್ಟ, ಇನ್ನೊಂದಕ್ಕೆ ಐದು. ಅವನ ನಾಲಿಗೆಯ ಬಗ್ಗೆ ಅವತ್ತು ಸಿಕ್ಕ ಮಾಹಿತಿ ಬೆಲೆಬಾಳುವಂಥದ್ದು. ಎರಡು ಅಂಕ ಅತ್ತಿತ್ತ ಆಗುವುದು ಅವನ ಮಟ್ಟಿಗೆ ಸಹಜ ಎಂದಾಯಿತು. ಹಾಗಿದ್ದಾಗ ಅವನ ನೋಟ್‌ಬುಕ್ಕಿನ ಏಳಕ್ಕೂ ಏಳೂವರೆಗೂ ಏನೂ ವ್ಯತ್ಯಾಸವಿಲ್ಲ. ತನ್ನ ತೂಗಾಟ ಎಷ್ಟೆಂದು ಅಳೆಯದವರ ಅಂಕಕ್ಕೆ ಅರ್ಥ ಕೊಡುವುದು ಕಷ್ಟ. ಮನೆಯಲ್ಲಿ ಅಂಕ ಕೊಡುವ ಪ್ರತಿಯೊಬ್ಬರೂ ಮೊದಲು ಮಾಡಬೇಕಾದ ಪರೀಕ್ಷೆ ಇದೇ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕಸುಬುದಾರರಿಗೂ ಇದು ತಪ್ಪಿದ್ದಲ್ಲ. ಕ್ಯಾಲಿಫೋರ್ನಿಯಾದ ದೊಡ್ಡ ವೈನ್ ಸ್ಪರ್ಧೆಯೊಂದರ ತೀರ್ಪುಗಾರರಿಗೆ ವೈನ್ ತಯಾರಕ ರಾಬರ್ಟ್ ಹಾಡ್ಸನ್ ಒಂದೇ ಬಾಟಲಿಯ ವೈನನ್ನು ಮೂರು ಸಲ, ಗುಟ್ಟಾಗಿ ಕೊಡಿಸಿದರು. 2008ರಲ್ಲಿ ಬಂದ ಅವರ ವರದಿಯ ಪ್ರಕಾರ, ಮೂರೂ ಸಲ ಹೆಚ್ಚುಕಡಿಮೆ ಒಂದೇ ದರ್ಜೆ ಕೊಟ್ಟವರು ಶೇ. 10ರಷ್ಟು ಮಾತ್ರ. ಅದೇ ವರ್ಷ ಇನ್ನೊಂದು ಪ್ರಯೋಗದಲ್ಲಿ ಒಂದೇ ವೈನ್‌ಗೆ ಒಮ್ಮೆ 10 ಡಾಲರ್, ಒಮ್ಮೆ 90 ಡಾಲರ್ ಎಂದು ಬೆಲೆ ತೋರಿಸಿ, ಕುಡಿಯುವವರ ಮಿದುಳನ್ನು ಸ್ಕ್ಯಾನ್ ಮಾಡಿದರು. 90 ಎಂದಾಗ ಹೆಚ್ಚು ರುಚಿ ಅಂದರು. ಅವರು ಸುಮ್ನೆ ಹೇಳಿದ್ದಲ್ಲ, ಹಿತವನ್ನು ಅಳೆಯುವ ಮಿದುಳಿನ ಭಾಗವೂ ಆಗ ಹೆಚ್ಚು ಚುರುಕಾಗಿತ್ತು. ಬೆಲೆ ಗೊತ್ತಿದ್ದರೆ ರುಚಿಯೇ ಬದಲಾಗುತ್ತದೆ. ಬಣ್ಣದ್ದೂ ಇದೇ ಕಥೆ. ಕಡುಬಣ್ಣ ಕಂಡರೆ ಹಳೆಯದು ಅಂದುಕೊಳ್ಳುತ್ತೇವೆ, ಆದರೆ ಸ್ಕಾಚ್‌ಗೂ ಕ್ಯಾರಮೆಲ್ ಬಣ್ಣ ಸೇರಿಸಲು ಕಾನೂನು ಒಪ್ಪುತ್ತದೆ. ಹೊಟ್ಟೆ ಉಬ್ಬಿ ಕೊರಳು ಕಿರಿದಾದ ಸಣ್ಣ ಸ್ಟೀಲ್ ತಂಬಿಗೆ ಇದ್ದರೆ ಅದರಲ್ಲಿ ಮೂಸಿ. ಬಣ್ಣ ಕಾಣುವುದಿಲ್ಲ, ವಾಸನೆಯೂ ಒಳಗೇ ನಿಲ್ಲುತ್ತದೆ.

ಹವೆಯನ್ನೂ ಗಮನಿಸಬೇಕು. ವಿಸ್ಕಿಯನ್ನು ಕೋಣೆಯ ಬಿಸಿಯಲ್ಲಿ ಕುಡಿಯಬೇಕು ಎನ್ನುವವರ ಕೋಣೆ ಸ್ಕಾಟ್ಲೆಂಡಿನದು, 18-20 ಡಿಗ್ರಿ. ಹುಬ್ಬಳ್ಳಿಯ ಏಪ್ರಿಲ್ ಮಧ್ಯಾಹ್ನ 37 ಡಿಗ್ರಿ ಮುಟ್ಟುವುದು ಸಾಮಾನ್ಯ. ಶುದ್ಧ ಆಲ್ಕೋಹಾಲಿನ ಆವಿಯ ಒತ್ತಡ 20 ಡಿಗ್ರಿಯಲ್ಲಿ ಪಾದರಸದ ಸುಮಾರು 44 ಮಿ.ಮೀ., 35 ಡಿಗ್ರಿಯಲ್ಲಿ ಸುಮಾರು 100. ಬೇಸಿಗೆಯಲ್ಲಿ ಗ್ಲಾಸಿನಿಂದ ಮೂಗಿಗೆ ಎರಡು ಪಟ್ಟಿಗೂ ಜಾಸ್ತಿ ಆಲ್ಕೋಹಾಲ್ ನುಗ್ಗುತ್ತದೆ. ಬೇಸಿಗೆಯಲ್ಲಿ ಐದು ಸಿಕ್ಕ ಬಾಟಲಿಗೆ ಜುಲೈ ಮಳೆಯಲ್ಲಿ ಏಳು ಸಿಕ್ಕರೆ ಆಶ್ಚರ್ಯಪಡಬೇಡಿ. ಬೇಸಿಗೆಯಲ್ಲಿ ಬಾಟಲಿಯನ್ನು ಫ್ರಿಜ್‌ನಲ್ಲಿ ಸ್ವಲ್ಪ ಹೊತ್ತು ಇಟ್ಟು ತೆಗೆಯಿರಿ. ಗ್ಲಾಸಿಗೆ ಐಸ್ ಹಾಕಿದರೆ ಉರಿಯ ಜೊತೆ ವಾಸನೆಯೂ ಸಾಯುತ್ತದೆ.

ನೀರು ಬೆರೆಸಿದರೆ ಕೆಟ್ಟಿತು ಎನ್ನುವವರಿಗೆ ಒಂದು ಲೆಕ್ಕ. ನಮ್ಮ ಬಾಟಲಿಗಳ ಮೇಲೆ ಸಾಮಾನ್ಯವಾಗಿ ಆಲ್ಕೋಹಾಲ್ ಶೇ. 42.8 ಎಂದಿರುತ್ತದೆ. ಸಮಸಮ ನೀರು ಹಾಕಿದರೆ ಅದು ಸುಮಾರು 21ಕ್ಕೆ ಇಳಿಯುತ್ತದೆ. ಸ್ಕಾಚ್ ಉದ್ಯಮದ ಮೂಗಿನ ಪರಿಣತರು ದೋಷ ಹುಡುಕಲು ವಿಸ್ಕಿಯನ್ನು ಹೆಚ್ಚುಕಡಿಮೆ ಶೇ. 20ಕ್ಕೇ ಇಳಿಸಿಕೊಂಡು ಮೂಸುತ್ತಾರೆ. ನಮ್ಮ ಹಿರಿಯರ ಸಮಸಮ ಪದ್ಧತಿ ಅಲ್ಲಿಯ ಪ್ರಯೋಗಾಲಯದ ಪದ್ಧತಿಯೂ ಹೌದು. 2017ರಲ್ಲಿ ಸ್ವೀಡನ್ನಿನ ಕಾರ್ಲ್‌ಸನ್ ಮತ್ತು ಫ್ರೀಡ್‌ಮನ್ ಕಂಪ್ಯೂಟರಿನಲ್ಲಿ ಅಣುಗಳ ಓಡಾಟ ಲೆಕ್ಕ ಹಾಕಿ, ಆಲ್ಕೋಹಾಲ್ ಶೇ. 45ರ ಒಳಗಿದ್ದಾಗ ಗ್ವಾಯಕಾಲ್ ಮೇಲ್ಮೈಯಲ್ಲಿ ನಿಲ್ಲುತ್ತದೆ, 59 ದಾಟಿದರೆ ಒಳಗೆ ಮುಳುಗುತ್ತದೆ ಎಂದು ತೋರಿಸಿದರು. ನಮ್ಮ 42.8 ಆಗಲೇ ಆ ಗಡಿಯ ಒಳಗಿದೆ. ನೀರು ಮಾತ್ರ ಒಳ್ಳೆಯದಿರಲಿ. ನಲ್ಲಿ ನೀರಿನ ಕ್ಲೋರಿನ್ ವಾಸನೆ ಎಲ್ಲವನ್ನೂ ಮುಚ್ಚಿಬಿಡುತ್ತದೆ, ಕುದಿಸಿ ಆರಿಸಿ ಬಳಸಿ.

ಎರಡು ವಿಸ್ಕಿಗಳ ವ್ಯತ್ಯಾಸ ನಿಜಕ್ಕೂ ಗೊತ್ತಾಗುತ್ತದೋ ಎಂದು ತಿಳಿಯಲು ಮೂರು ಗ್ಲಾಸಿನ ಪರೀಕ್ಷೆ ಇದೆ. ಎರಡರಲ್ಲಿ ಒಂದು ವಿಸ್ಕಿ, ಮೂರನೆಯದರಲ್ಲಿ ಇನ್ನೊಂದು. ಬೇರೆಯದನ್ನು ಗುರುತಿಸಬೇಕು. ಕಣ್ಣುಮುಚ್ಚಿ ಹೇಳಿದರೂ ಮೂರರಲ್ಲಿ ಒಂದು ಸಲ ಸರಿಯಾಗುತ್ತದೆ. ಐದು ಸುತ್ತಿನಲ್ಲಿ ನಾಲ್ಕಾದರೂ ಬರೀ ಅದೃಷ್ಟದಿಂದ ಸರಿಯಾಗುವ ಸಾಧ್ಯತೆ 243ರಲ್ಲಿ 11, ಅಂದರೆ ಶೇ. 4.5. ಅಷ್ಟು ಬಂದರೆ ಮೂಗನ್ನು ನಂಬಬಹುದು. ಐದೂ ಸುತ್ತನ್ನು ಒಂದೇ ರಾತ್ರಿ ಮಾಡಬೇಡಿ. ದಿನಕ್ಕೊಂದು ಸಾಕು, ಗ್ಲಾಸಿಗೆ ಐದು ಮಿ.ಲೀ. ಸಾಕು, ಬಹುಪಾಲು ಮೂಸಿಯೇ ಮುಗಿಸಬಹುದು. 30 ಮಿ.ಲೀ. ಪೆಗ್ಗಿನಲ್ಲಿ ಸುಮಾರು 10 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ, ಅದನ್ನು ಕರಗಿಸಲು ಲಿವರ್‌ಗೆ ಒಂದು ಗಂಟೆಯಾದರೂ ಬೇಕು. ಆಲ್ಕೋಹಾಲ್ ಕ್ಯಾನ್ಸರ್‌ಕಾರಕ ಎಂದು 1988ರಲ್ಲೇ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಹೇಳಿದೆ. ನಶೆ ಏರಿದ ಮೇಲಿನ ಅಂಕ ನೋಟ್‌ಬುಕ್ಕಿಗೆ ಬೇಡವೇ ಬೇಡ.

ಇನ್ನು ಬಾಟಲಿಯ ವಿಷಯ. ಬಿಸಿಲಿಗೆ ಇಟ್ಟರೆ ಬಣ್ಣ ಮಾಸುತ್ತದೆ, ವಾಸನೆ ಕೆಡುತ್ತದೆ. ಕಪಾಟಿನೊಳಗೆ ನೆಟ್ಟಗೆ ನಿಲ್ಲಿಸಿ. ಮಲಗಿಸಿದರೆ ಆಲ್ಕೋಹಾಲ್ ಕಾರ್ಕನ್ನು ತಿನ್ನುತ್ತದೆ. ಅರ್ಧಕ್ಕಿಂತ ಕೆಳಗೆ ಇಳಿದ ಬಾಟಲಿಯಲ್ಲಿ ಗಾಳಿ ಜಾಸ್ತಿ, ಹಣ್ಣಿನ ವಾಸನೆ ಮೊದಲು ಹಾರಿಹೋಗುತ್ತದೆ. ಹಾಗಾಗಿ ಹೊಸ ಬಾಟಲಿ ತೆರೆದ ವಾರದಲ್ಲೇ ಅದರಿಂದ ಒಂದಿಷ್ಟನ್ನು ತೊಳೆದು ಒಣಗಿಸಿದ ಕ್ವಾರ್ಟರ್ ಬಾಟಲಿಗೆ ಕಂಠದ ತನಕ ತುಂಬಿ, ತಾರೀಖು ಬರೆದಿಡಿ. ಆರು ತಿಂಗಳ ಮೇಲೆ ದೊಡ್ಡ ಬಾಟಲಿಯ ತಳದಲ್ಲಿ ಉಳಿದದ್ದನ್ನೂ ಇದನ್ನೂ ಮೂರು ಗ್ಲಾಸಿನ ಪರೀಕ್ಷೆಗೆ ಒಡ್ಡಬಹುದು.