‘ಮಿಲಿಟ್ರಿ ಬಂತು’ ಅಂದವರಿಗೆ

ಗಣೇಶನ ವಿಸರ್ಜನೆಯ ಮುನ್ನಾದಿನ ನೀಲಿ ಮಚ್ಚೆಯ ಸಮವಸ್ತ್ರದವರು ಪೇಟೆ ಬೀದಿಯಲ್ಲಿ ಪಥಸಂಚಲನ ಮಾಡಿದರೆ ಸಾಕು, ‘ಮಿಲಿಟ್ರಿ ಬಂದಿದೆಯಂತೆ’ ಎಂದು ಊರೆಲ್ಲ ಗುಲ್ಲು. ಬಂದಿರುವುದು ಕ್ಷಿಪ್ರ ಕಾರ್ಯಪಡೆ. ಸಿಆರ್‌ಪಿಎಫ್‌ನದೇ ಒಂದು ಭಾಗ, 1992ರಲ್ಲಿ ಗಲಭೆ ನಿಯಂತ್ರಣಕ್ಕೆಂದೇ ಕಟ್ಟಿದ್ದು. ಸೇನೆ ರಕ್ಷಣಾ ಸಚಿವಾಲಯದ್ದು, ಇವರು ಗೃಹ ಸಚಿವಾಲಯದವರು. ಸೇವೆಯ ಬಹುಪಾಲು ಕರ್ನಾಟಕ ರಾಜ್ಯ ಮೀಸಲು ಪೊಲೀಸ್ ಪಡೆ ಕೆಎಸ್‌ಆರ್‌ಪಿಯಲ್ಲಿ ಕಳೆದ ನನ್ನನ್ನೂ ‘ಯಾವ ಬಾರ್ಡರ್‌ನಲ್ಲಿದ್ರಿ ಸಾರ್?’ ಎಂದು ಕೇಳಿದವರಿದ್ದಾರೆ. ನಾನು ಕಂಡ ಬಾರ್ಡರ್ ಎಂದರೆ ಬೆಳಗಾವಿ ಪಕ್ಕದ್ದೊಂದೇ.

ಗೊಂದಲಕ್ಕೆ ಕಾರಣವಿದೆ. ಬೆಟಾಲಿಯನ್, ಪ್ಲಟೂನು, ಕ್ವಾರ್ಟರ್ ಗಾರ್ಡು, ರೋಲ್ ಕಾಲು, ಎಲ್ಲವೂ ಸೈನ್ಯದಿಂದ ತಂದ ಎರವಲು. ಆದರೆ ಠಾಣೆಯ ಪೊಲೀಸರಿಗೂ ನಮಗೂ ಇರುವ ವ್ಯತ್ಯಾಸವನ್ನು ಬಂದೂಕಿನಲ್ಲಿ ಹುಡುಕಬೇಡಿ. ಠಾಣೆಯ ಕಾನ್‌ಸ್ಟೆಬಲ್ ಒಬ್ಬನೇ ಬೀಟಿಗೆ ಹೋಗುತ್ತಾನೆ. ಯಾರನ್ನು ಗದರಿಸಿ ಬಿಡಬೇಕು, ಯಾರನ್ನು ಠಾಣೆಗೆ ಕರೆತರಬೇಕು ಎಂದು ಅಲ್ಲೇ ತೀರ್ಮಾನಿಸುತ್ತಾನೆ. ನಮ್ಮ ಹುಡುಗರಿಗೆ ಆ ಸ್ವಾತಂತ್ರ್ಯವಿಲ್ಲ. ಕಲ್ಲು ಬಂದು ಹೆಲ್ಮೆಟ್ಟಿಗೆ ಬಡಿದರೂ ಆದೇಶವಿಲ್ಲದೆ ಸಾಲು ಬಿಡುವಂತಿಲ್ಲ. ಇಪ್ಪತ್ತೆರಡರ ಹುಡುಗನಿಗೆ ಲಾಠಿ ಬೀಸುವುದನ್ನು ಒಂದು ವಾರದಲ್ಲಿ ಕಲಿಸಬಹುದು, ಲಾಠಿ ಹಿಡಿದು ಸುಮ್ಮನೆ ನಿಲ್ಲುವುದನ್ನು ಕಲಿಸಲು ತಿಂಗಳುಗಳು ಬೇಕು.

ಗುಂಪು ಚದುರಿಸಲು ಆಜ್ಞೆ ಕೊಡುವ ಅಧಿಕಾರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 148ನೇ ಕಲಂ ಪ್ರಕಾರ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ಅಥವಾ ಠಾಣಾಧಿಕಾರಿಗೆ ಇರುತ್ತದೆ. ಠಾಣಾಧಿಕಾರಿ ಇಲ್ಲದಾಗ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಗೆ. ಅದರಿಂದಲೂ ಆಗದಿದ್ದರೆ ಮಾತ್ರ 149ನೇ ಕಲಂ, ಅಂದರೆ ಸೇನೆಯಂಥ ಸಶಸ್ತ್ರ ಪಡೆ. ಪೊಲೀಸರಾದ ನಮ್ಮ ಕ್ರಮ ಹೀಗೆ: ಮೊದಲು ಮೈಕಿನಲ್ಲಿ ಎಚ್ಚರಿಕೆ, ನಂತರ ಅಶ್ರುವಾಯು, ಲಾಠಿ, ಕೊನೆಗೆ ಗುಂಡು. ಪತ್ರಿಕೆಗಳು ‘ಗಾಳಿಯಲ್ಲಿ ಗುಂಡು’ ಎಂದು ಬರೆದಾಗ ಓದುಗರಿಗೆ ಅದೇನೋ ಮೃದು ಕ್ರಮ ಅನ್ನಿಸುತ್ತದೆ. ನಾವು ಕಲಿತ ನಿಯಮ ಅದಕ್ಕೆ ತದ್ವಿರುದ್ಧ. ತಲೆಯ ಮೇಲೆ ಹಾರಿಸಿದ ಗುಂಡು ಎರಡು ಬೀದಿಯಾಚೆ ಮಹಡಿಯಲ್ಲಿ ನಿಂತವರಿಗೆ ಬಡಿಯಬಹುದು. ಹಾರಿಸಲೇಬೇಕಾದರೆ ಕೆಳಕ್ಕೆ ಗುರಿಯಿಡಬೇಕು.

ಇಷ್ಟೆಲ್ಲ ಶಿಸ್ತಿದ್ದೂ ನಮ್ಮಲ್ಲೊಂದು ದೊಡ್ಡ ಕೊರತೆಯಿದೆ. ನಮಗೆ ಊರು ಗೊತ್ತಿರುವುದಿಲ್ಲ. ಫ್ರಾನ್ಸಿನಲ್ಲಿ ಪೊಲೀಸ್ ಕೆಲಸ ಮಾಡುವ ಜಾಂಡರ್ಮರಿ ಪಡೆಯವರು ಕಾನೂನಿನ ಪ್ರಕಾರ ಅಪ್ಪಟ ಸೈನಿಕರು, 2009ರಿಂದ ಗೃಹ ಸಚಿವಾಲಯದ ಕೈಕೆಳಗಿದ್ದಾರೆ ಅಷ್ಟೆ. ಹಳ್ಳಿ, ಸಣ್ಣ ಪಟ್ಟಣಗಳ ಕಾವಲು ಅವರದು. ದೇಶದ ವಿಸ್ತೀರ್ಣದ ಸುಮಾರು 95 ಪ್ರತಿಶತ. ಹೆಂಡತಿ ಮಕ್ಕಳೊಂದಿಗೆ ಅಲ್ಲೇ ವಾಸ. ಕಳ್ಳತನದ ದೂರು ಬರೆದುಕೊಳ್ಳುವವರೂ ತನಿಖೆ ಮಾಡುವವರೂ ಅವರೇ. ಗಲಭೆಗೆಂದು ಅವರಲ್ಲೂ ಪ್ರತ್ಯೇಕ ಸಂಚಾರಿ ದಳಗಳಿವೆ, ಅವರ ಪಾಡು ನಮ್ಮಂತೆಯೇ. ನಾವೋ, ಬಂದೂಕನ್ನು ಒಂದು ಕಡೆ, ಊರಿನ ಪರಿಚಯವನ್ನು ಇನ್ನೊಂದು ಕಡೆ ಇಟ್ಟುಬಿಟ್ಟಿದ್ದೇವೆ. ತನಿಖೆ, ದೂರು, ಬೀಟು ಠಾಣೆಗೆ. ರಾತ್ರೋರಾತ್ರಿ ವ್ಯಾನಿನಲ್ಲಿ ಬಂದು ಬೆಳಗ್ಗೆ ಬೀದಿಗಿಳಿಯುವುದು ನಮಗೆ.

ಪರಿಚಯವಿಲ್ಲದವರ ಕೈಯಲ್ಲಿ ಆಯುಧವಿದ್ದು ಮೇಲಿನವರ ಹಿಡಿತವೂ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಮೀರತ್‌ನ ಹಾಶಿಂಪುರವಿದೆ. 1987ರ ಮೇ ತಿಂಗಳಲ್ಲಿ ಉತ್ತರ ಪ್ರದೇಶದ ಸಶಸ್ತ್ರ ಪೊಲೀಸ್ ಪಡೆ ಪಿಎಸಿಯವರು ಅಲ್ಲಿನ ಮುಸ್ಲಿಮರನ್ನು ಲಾರಿಯಲ್ಲಿ ತುಂಬಿಕೊಂಡು ಹೋಗಿ ಗುಂಡಿಟ್ಟು ಕೊಂದರು. 16 ಮಂದಿಗೆ ದೆಹಲಿ ಹೈಕೋರ್ಟ್ ಜೀವಾವಧಿ ಶಿಕ್ಷೆ ವಿಧಿಸಿದ್ದು 2018ರಲ್ಲಿ. ನಮ್ಮ ಸಮವಸ್ತ್ರದವರು ಈ ಪ್ರಕರಣದ ಬಗ್ಗೆ ಮಾತಾಡಲು ಹಿಂಜರಿಯುತ್ತಾರೆ. ತರಬೇತಿಯಲ್ಲೇ ಮೊದಲು ಇದನ್ನು ಹೇಳಿಕೊಡಬೇಕು ಎಂಬುದು ನನ್ನ ಮತ.

ಒಮ್ಮೆ ಒಂದು ಊರಿನ ಸರ್ಕಾರಿ ಶಾಲೆಯಲ್ಲಿ ನಮ್ಮ ಪ್ಲಟೂನ್ ತಂಗಿತ್ತು. ಬೆಂಚು ಜೋಡಿಸಿ ಮಲಗುವ ಹೊತ್ತಿಗೆ ಸ್ಥಳೀಯ ಬೀಟ್ ಪೊಲೀಸರೊಬ್ಬರು ಬಂದರು. ನಿವೃತ್ತಿ ಹತ್ತಿರವಿದ್ದ ದಫೇದಾರರು. ಸೀಮೆಸುಣ್ಣ ತೆಗೆದು ಬೋರ್ಡಿನ ಮೇಲೆ ಓಣಿಗಳನ್ನು ಬರೆದರು. ‘ಇದು ಮುಚ್ಚಿದ ಓಣಿ ಸಾರ್, ಇತ್ತ ಜನರನ್ನು ಅಟ್ಟಬೇಡಿ, ವಾಪಸ್ ನಮ್ಮ ಮೇಲೇ ತಿರುಗುತ್ತಾರೆ. ಈ ಮೂಲೇಲಿ ಹೆರಿಗೆ ಆಸ್ಪತ್ರೆ, ಅಶ್ರುವಾಯು ಶೆಲ್ ಬೇಡ.’ ಬಂದೋಬಸ್ತ್ ಸ್ಕೀಮಿನ ಹಾಳೆಗಳಲ್ಲಿ ಇವೆರಡೂ ಇರಲಿಲ್ಲ.

ಆಮೇಲೆ ‘ಇನ್ನೊಂದು ಪ್ಲಟೂನ್ ಕಳಿಸಲಾ?’ ಎಂದು ಮೇಲಿನವರು ಕೇಳಿದಾಗಲೆಲ್ಲ, ಇಬ್ಬರು ಹಳೆಯ ಬೀಟ್ ಪೊಲೀಸರನ್ನು ಕೊಡಿ ಎನ್ನುತ್ತಿದ್ದೆ. ಬಹಳ ಸಲ ಬಂದದ್ದು ಪ್ಲಟೂನೇ.