ಕೆರೆಯ ಮೀನು, ಬೀಗ ಹಾಕಿದ ಮನೆ

“ವಯಸ್ಸೆಷ್ಟಜ್ಜೀ?”

“ಬರ್ಕೊಳಪ್ಪ, ಒಂದರವತ್ತು.”

ಗಣತಿಗೆ ಬಂದ ಮೇಷ್ಟ್ರು 60 ಅಂತ ಬರೆದುಕೊಂಡು ಪಕ್ಕದ ಮನೆಗೆ ಹೋಗುತ್ತಾರೆ. ಇಂಥ ಉತ್ತರಗಳು ಕೂಡುತ್ತಾ ಹೋದರೆ, ದೇಶದಲ್ಲಿ 59 ಮತ್ತು 61ರವರಿಗಿಂತ 60ರವರೇ ವಿಪರೀತ ಜಾಸ್ತಿ ಕಾಣಿಸುತ್ತಾರೆ. 2011ರ ಜನಗಣತಿಯಲ್ಲೂ ಹಾಗೇ ಆಗಿದೆ. 0 ಅಥವಾ 5ರಲ್ಲಿ ಮುಗಿಯುವ ವಯಸ್ಸಿನ ಮೇಲೆ ನಮಗೆ ಅಷ್ಟು ಪ್ರೀತಿ.

2027ರ ಗಣತಿಗೆ ಕಾಗದದ ಬದಲು ಫೋನು. ಬೇಕಾದವರು ತಮ್ಮ ವಿವರವನ್ನು ತಾವೇ ತುಂಬಬಹುದು. ಒಳ್ಳೆಯದೇ, ಲೆಕ್ಕ ಬೇಗ ಕೈಗೆ ಸಿಗುತ್ತದೆ. ಆದರೆ ‘ಒಂದರವತ್ತು’ ಅಂದರೆ ಆಪ್ ಕೂಡ ಸುಮ್ನೆ ನುಂಗಿಕೊಳ್ಳುತ್ತದೆ. ಅಜ್ಜಿಯ ಮದುವೆ ಯಾವಾಗ, ಮೊದಲ ಮಗ ಹುಟ್ಟಿದ್ದು ಯಾವ ಬರಗಾಲದಲ್ಲಿ ಅಂತ ಕೆದಕಿ ಕೇಳುವುದು ಮೇಷ್ಟ್ರೇ. ಅದಕ್ಕೆ ಬೇಕಾದದ್ದು ಪುರುಸೊತ್ತು.

ವಯಸ್ಸು ತಪ್ಪಿದರೂ ಅಜ್ಜಿ ಲೆಕ್ಕದಲ್ಲಿದ್ದಾರೆ. ಲೆಕ್ಕಕ್ಕೇ ಸಿಗದವರ ಕಥೆ ಏನು? ಸಿಕ್ಕಿದ್ದರೆ ಅವರು ಬಿಟ್ಟುಹೋಗುತ್ತಲೇ ಇರಲಿಲ್ಲ, ಅಲ್ವಾ?

ಇದಕ್ಕೊಂದು ಚಂದದ ಉಪಾಯವಿದೆ. ಕೆರೆಯಲ್ಲಿ 100 ಮೀನು ಹಿಡಿದು, ಗುರುತು ಹಾಕಿ ಬಿಡಿ. ಮಾರನೇ ದಿನ ಮತ್ತೆ 100 ಹಿಡಿಯಿರಿ. ಅದರಲ್ಲಿ ಗುರುತಿರುವುದು 20 ಅಂದರೆ, ನಿನ್ನೆ ನಿಮ್ಮ ಬಲೆಗೆ ಬಿದ್ದದ್ದು ಕೆರೆಯ ಐದನೇ ಒಂದು ಪಾಲು. ಹಾಗಾದರೆ ಕೆರೆಯಲ್ಲಿರುವುದು ಸುಮಾರು 500. ಸಂಖ್ಯಾಶಾಸ್ತ್ರಜ್ಞರಾದ ಸಿ. ಚಂದ್ರಶೇಖರನ್ ಮತ್ತು ಡೆಮಿಂಗ್ 1949ರಲ್ಲಿ ಇದೇ ತರ್ಕದಿಂದ, ದಾಖಲೆಗೆ ಸೇರದೆ ಹೋದ ಜನನ ಮರಣಗಳನ್ನು ಅಂದಾಜು ಮಾಡುವ ದಾರಿ ತೋರಿಸಿದರು. ಅವರು ಲೆಕ್ಕ ಹಾಕಿ ನೋಡಿದ್ದು ಕಲ್ಕತ್ತಾ ಬಳಿಯ ಸಿಂಗೂರಿನ ಹಳ್ಳಿಗಳ ಮಾಹಿತಿಯನ್ನು.

ನಮ್ಮಲ್ಲೂ ಗಣತಿ ಮುಗಿದ ಮೇಲೆ ಆಯ್ದ ಕೆಲವು ಕಡೆ ಮತ್ತೊಮ್ಮೆ ಎಣಿಸಿ, ಎರಡೂ ಪಟ್ಟಿಗಳನ್ನು ಹೋಲಿಸುತ್ತಾರೆ. 2011ರಲ್ಲಿ ಹೀಗೆ ನೋಡಿದಾಗ, ಎರಡೆರಡು ಸಲ ಸೇರಿದವರನ್ನು ಕಳೆದ ಮೇಲೂ, ಸಾವಿರಕ್ಕೆ 23 ಜನ ಬಿಟ್ಟುಹೋಗಿದ್ದರು. 121 ಕೋಟಿಗೆ ಅದು ಸುಮಾರು 2.8 ಕೋಟಿ. ಆಗಿನ ಕರ್ನಾಟಕದ ಹತ್ತಿರ ಹತ್ತಿರ ಅರ್ಧ!

ಆದರೆ ಒಂದು ಷರತ್ತಿದೆ. ಎರಡನೇ ಬಲೆ ಮೊದಲನೆಯದರ ಹಾಗೇ ಇರಬಾರದು. ಮೊದಲ ಸಲ ತಪ್ಪಿಸಿಕೊಂಡ ಮೀನೇ ಎರಡನೇ ಸಲವೂ ತಪ್ಪಿಸಿಕೊಂಡರೆ, ಕೆರೆಯಲ್ಲಿ ಇರುವುದಕ್ಕಿಂತ ಕಮ್ಮಿ ಮೀನಿದೆ ಅಂತ ಲೆಕ್ಕ ಹೇಳುತ್ತದೆ. ಬೆಳಿಗ್ಗೆ ಹನ್ನೊಂದಕ್ಕೆ ಬೀಗ ಹಾಕಿದ್ದ ಮನೆಗೆ ಮತ್ತೆ ಬೆಳಿಗ್ಗೆ ಹನ್ನೊಂದಕ್ಕೇ ಹೋದರೆ ಏನು ಬಂತು? ಬೇರೆ ಜನ, ಬೇರೆ ಹೊತ್ತು ಬೇಕು. ನನ್ನ ಕೇಳಿದರೆ, ಹೊಸ ಫೋನಿಗಿಂತ ಈ ಎರಡನೇ ಸುತ್ತಿಗೆ ಜಾಸ್ತಿ ದುಡ್ಡು ಹಾಕಬೇಕು.

ಬೆಂಗಳೂರಿನ ಪೀಜಿಗಳನ್ನೇ ನೋಡಿ. ಊರಲ್ಲಿ ಅಮ್ಮ, “ಅವನು ಬೆಂಗಳೂರಲ್ಲಿದ್ದಾನೆ, ಅಲ್ಲೇ ಬರ್ಕೋತಾರೆ” ಅನ್ನುತ್ತಾರೆ. ಇಲ್ಲಿ ಪೀಜಿಯವರು, “ಹುಡುಗ್ರೆಲ್ಲ ಆಫೀಸಿಗೆ ಹೋಗಿದ್ದಾರೆ ಸಾರ್” ಅಂದುಬಿಡುತ್ತಾರೆ. ಅಂಥ ಕಟ್ಟಡಕ್ಕೆ ಭಾನುವಾರ ಬೆಳಿಗ್ಗೆ ಹೋಗಬೇಕು. ಬಾಯಲ್ಲಿ ಬ್ರಷ್ ಇಟ್ಟುಕೊಂಡು ಬಾಗಿಲಲ್ಲೇ ಸಿಗುತ್ತಾರೆ.